ಉಳುವವನು ಯಾರು? ಭೂಸುಧಾರಣೆ ಕಾಯ್ದೆಗೊಂದು ಟೀಕು

‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕೇಳದ ಕನ್ನಡಿಗರಿಲ್ಲ. ಆ ಘೋಷಣೆಯ ಹಿಂದಿನ ಕಾಯ್ದೆಯನ್ನು ಓದಿದವರು ಮಾತ್ರ ಕಡಿಮೆ. ವಕೀಲರು, ರೆವಿನ್ಯೂ ಇಲಾಖೆಯವರು, ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿದ ಕೆಲವು ರೈತರು ಬಿಟ್ಟರೆ ಉಳಿದವರಿಗೆ ಅದರ ಗೊಡವೆ ಬೇಕಾಗಿಲ್ಲ. ಹೀಗಾಗಿ ನಮ್ಮಲ್ಲಿ ಭೂಸುಧಾರಣೆಯ ಬಗ್ಗೆ ಎರಡೇ ಮಾತು ಚಾಲ್ತಿಯಲ್ಲಿವೆ. ಮುಖ್ಯಮಂತ್ರಿ ದೇವರಾಜ ಅರಸು ಬಡವರನ್ನು ಬದುಕಿಸಿದರು ಎಂಬುದೊಂದು. ಇದ್ದವರ ಭೂಮಿ ಕಿತ್ತು ಮನೆತನಗಳನ್ನೇ ಮುರಿದರು ಎಂಬುದಿನ್ನೊಂದು. ಎರಡನ್ನೂ ಕಾಯ್ದೆ ತೆರೆದು ನೋಡದವರೇ ಹೆಚ್ಚಾಗಿ ಆಡುತ್ತಾರೆ. ಯಾರ ಬಡತನ ಇಳಿಯಬೇಕು, ಯಾರದು ಇದ್ದಲ್ಲೇ ಇರಬೇಕು ಎಂಬುದು ಅದರ ಕೆಲವೇ ಕಲಮುಗಳಲ್ಲಿ ಆಗಲೇ ತೀರ್ಮಾನವಾಗಿತ್ತು. ಆ ಕಲಮುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಈ ಟೀಕಿನ ಕೆಲಸ. ಕಾಯ್ದೆಯ ಅಧಿಕೃತ ಭಾಷೆ ಓದುವವರ ತಾಳ್ಮೆ ಪರೀಕ್ಷಿಸುವಂಥದ್ದು. ಅದಕ್ಕಾಗಿ ಪ್ರತಿ ಕಲಮಿನ ತಾತ್ಪರ್ಯವನ್ನಷ್ಟೇ ನನ್ನ ಮಾತಿನಲ್ಲಿ ಕೊಟ್ಟಿದ್ದೇನೆ.

ಮೊದಲು ಎರಡು ಮಾತಿನ ಹಿನ್ನೆಲೆ. ಕಾಯ್ದೆ 1961ರದ್ದು. ಏಕೀಕರಣದ ಬೆನ್ನಿಗೇ 1957ರಲ್ಲಿ ನೇಮಕವಾದ ಬಿ.ಡಿ. ಜತ್ತಿ ಸಮಿತಿಯ ವರದಿ ಆಧರಿಸಿ ರೂಪುಗೊಂಡಿತು, 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಆ ಮೊದಲ ರೂಪದಲ್ಲಿ ‘ಸ್ವಂತ ಸಾಗುವಳಿಗೆ ಬೇಕು’ ಎಂದು ಹೇಳಿ ಒಡೆಯರು ಗೇಣಿ ಭೂಮಿಯ ಒಂದು ಪಾಲನ್ನು ಹಿಂದಕ್ಕೆ ಪಡೆಯಬಹುದಿತ್ತು. ಕಾಯ್ದೆ ಬರುತ್ತದಂತೆ ಎಂಬ ಸುದ್ದಿಗೂ ಅದು ಜಾರಿಯಾಗುವುದಕ್ಕೂ ನಡುವೆ ವರ್ಷಗಟ್ಟಲೆ ಸಮಯವಿತ್ತು. ಅಷ್ಟರಲ್ಲಿ ಒಕ್ಕಲನ್ನು ಬಿಡಿಸಿದವರು, ಕಾಗದದಲ್ಲಿ ಬಿಡಿಸಿ ಹೊಲದಲ್ಲಿ ಉಳಿಸಿಕೊಂಡವರು, ಆಳೆಂದು ಬರೆಸಿಕೊಂಡವರು ಎಲ್ಲ ಜಿಲ್ಲೆಗಳಲ್ಲೂ ಇದ್ದರು. ದೇವರಾಜ ಅರಸು ಸರ್ಕಾರ ತಿದ್ದುಪಡಿ ತಂದು 1974ರ ಮಾರ್ಚ್ 1ರಿಂದ ಜಾರಿ ಮಾಡಿದ ರೂಪವೇ ಬೇರೆ. ಜನ ‘ಭೂಮಸೂದೆ’ ಎನ್ನುವುದು ಇದನ್ನೇ.

ಕಲಂ 2(11): ಒಬ್ಬನು ತನ್ನ ಲೆಕ್ಕದಲ್ಲಿ ತಾನೇ ಮೈಮುರಿದು ಸಾಗುವಳಿ ಮಾಡಿದರೂ, ಮನೆಯವರ ದುಡಿಮೆಯಿಂದ ಮಾಡಿದರೂ, ಇಲ್ಲವೇ ತನ್ನ ಅಥವಾ ಮನೆಯವರ ಉಸ್ತುವಾರಿಯಲ್ಲಿ ಆಳುಗಳಿಂದ ಮಾಡಿಸಿದರೂ ಅದು ಸ್ವಂತ ಸಾಗುವಳಿ. ಆಳಿನ ಕೂಲಿ ದುಡ್ಡಾಗಿರಬಹುದು, ಕಾಳಾಗಿರಬಹುದು. ಬೆಳೆಯ ಪಾಲು ಮಾತ್ರ ಆಗಿರಬಾರದು.

ಇಡೀ ಕಾಯ್ದೆಯ ಜೀವ ಇರುವುದು ಇಲ್ಲಿ. ಇದು ವ್ಯಾಖ್ಯೆಗಳ ಪಟ್ಟಿಯ ನಡುವೆ ಕೂತಿದೆ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಎರಡು ಮಾತಿನ ಬಗ್ಗೆ ತಕರಾರಿಲ್ಲ. ತಾನು ಉತ್ತರೆ, ಹೆಂಡತಿ ಮಕ್ಕಳು ನಾಟಿ ಮಾಡಿದರೆ ಅದು ಸ್ವಂತ ಸಾಗುವಳಿಯೇ. ತೊಡಕಿರುವುದು ಮೂರನೆಯದರಲ್ಲಿ. ಬದುವಿನ ಮೇಲೆ ಕೊಡೆ ಹಿಡಿದು ನಿಂತವನೂ ಈ ಮಾತಿನ ಪ್ರಕಾರ ಉಳುವವನೇ. ನೇಗಿಲ ಮೇಳಿ ಮುಟ್ಟಬೇಕೆಂದಿಲ್ಲ, ಕೆಸರಿಗೆ ಇಳಿಯಬೇಕೆಂದಿಲ್ಲ, ಕಣ್ಣಾಡಿಸಿಕೊಂಡಿದ್ದರೆ ಸಾಕು.

ಕಾಯ್ದೆ ಬರೆದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆಳಿನ ಸಹಾಯವಿಲ್ಲದೆ ನಾಲ್ಕೆಕರೆ ಗದ್ದೆ ನಾಟಿ ಮಾಡುವುದು ಒಂದು ಸಂಸಾರದ ಕೈಲಿ ಆಗದ ಮಾತು. ಮಳೆ ಬಿದ್ದ ಮೇಲೆ ಕೆಲವೇ ದಿನದಲ್ಲಿ ಮುಗಿಯಬೇಕಾದ ಕೆಲಸ ಅದು. ಮೂರನೆಯ ಮಾತನ್ನು ಪೂರ್ತಿ ತೆಗೆದಿದ್ದರೆ ಸಣ್ಣ ರೈತನೂ ಸಿಕ್ಕಿಬೀಳುತ್ತಿದ್ದ. ಅದು ನಿಜವಾದ ಕಷ್ಟ. ಆದರೆ ಆ ಕಷ್ಟದ ನೆಪದಲ್ಲಿ ಎಷ್ಟು ದೊಡ್ಡ ಬಾಗಿಲು ತೆರೆದುಕೊಂಡಿತು ಎಂಬುದು ಮುಂದಿನ ಕಲಮನ್ನು ಇದರ ಪಕ್ಕಕ್ಕಿಟ್ಟಾಗ ಕಾಣುತ್ತದೆ.

ಕಲಂ 4: ಇನ್ನೊಬ್ಬರ ಭೂಮಿಯನ್ನು ಕಾನೂನುಬದ್ಧವಾಗಿ ಸಾಗು ಮಾಡುತ್ತಿರುವವನನ್ನು, ಒಡೆಯನು ಅದನ್ನು ಸ್ವಂತ ಸಾಗುವಳಿ ಮಾಡದಿದ್ದರೆ, ಗೇಣಿದಾರನೆಂದೇ ಭಾವಿಸಬೇಕು. ಆದರೆ ಒಡೆಯನ ಮನೆಯವರು, ದುಡ್ಡಿಗೋ ಕಾಳಿಗೋ ದುಡಿಯುವ ಆಳು, ಭೋಗ್ಯಕ್ಕೆ ಹಿಡಿದವನು ಗೇಣಿದಾರರಲ್ಲ.

ಬರವಣಿಗೆಯ ಗೇಣಿ ಚೀಟಿ ಇಲ್ಲದವನನ್ನೂ ಗೇಣಿದಾರನೆಂದು ಒಪ್ಪುವ ಈ ಕಲಮು ತನ್ನ ಕಾಲಕ್ಕೆ ದೊಡ್ಡ ಧೈರ್ಯದ್ದು. ರಶೀದಿ ಕೊಡದೆ ಗೇಣಿ ಅಳೆಸಿಕೊಳ್ಳುವುದು ಎಲ್ಲ ಕಡೆ ರೂಢಿಯಾಗಿದ್ದ ಊರುಗಳಲ್ಲಿ ಇದಿಲ್ಲದೆ ಕಾಯ್ದೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಆದರೆ ಹೊರಗಿಟ್ಟವರ ಪಟ್ಟಿಯನ್ನು ನೋಡಿ. ಆಳಿದ್ದಾನೆ.

ಈಗ 2(11) ಮತ್ತು 4ನ್ನು ಒಟ್ಟಿಗೆ ಓದಬೇಕು. ಅದೇ ಆಳು, ಅದೇ ಗದ್ದೆ, ಅದೇ ಬೆವರು. ಮೊದಲ ಕಲಮಿನಲ್ಲಿ ಅವನ ದುಡಿಮೆ ಒಡೆಯನ ‘ಸ್ವಂತ ಸಾಗುವಳಿ’ಯ ಲೆಕ್ಕಕ್ಕೆ ಜಮೆಯಾಗುತ್ತದೆ. ಎರಡನೆಯದರಲ್ಲಿ ಅದೇ ದುಡಿಮೆ ಅವನಿಗೆ ಯಾವ ಹಕ್ಕನ್ನೂ ತರುವುದಿಲ್ಲ. ತಲೆಮಾರುಗಳ ಕಾಲ ಒಂದೇ ಮನೆಯ ಗದ್ದೆಯಲ್ಲಿ ದುಡಿದ ದಕ್ಷಿಣ ಕನ್ನಡದ ಮೂಲದಾಳು, ಬಯಲುಸೀಮೆಯ ಜೀತದಾಳು, ಮಲೆನಾಡಿನ ತೋಟದ ಸಂಬಳದಾಳು, ಇವರೆಲ್ಲ ಕಾಳು, ಬಟ್ಟೆ, ಒಂದಿಷ್ಟು ದುಡ್ಡು ಪಡೆದು ದುಡಿದವರು. ಬೆಳೆಯ ಪಾಲು ಪಡೆದವರಲ್ಲ, ಗೇಣಿ ಕೊಟ್ಟವರೂ ಅಲ್ಲ. ಇವರಲ್ಲಿ ಬಹುಪಾಲು ದಲಿತರು ಮತ್ತು ಬುಡಕಟ್ಟಿನವರು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜೀತವನ್ನು ರದ್ದು ಮಾಡುವ ಕೇಂದ್ರದ ಕಾನೂನು 1976ರಲ್ಲಿ ಬಂತು. ಅಂದರೆ ಭೂಮಿಯ ಹಕ್ಕು ಗೊತ್ತುಮಾಡಲು ಲೆಕ್ಕಕ್ಕೆ ಹಿಡಿದ ದಿನ, 1974ರ ಮಾರ್ಚ್ 1ರಂದು, ಕಾಯ್ದೆಯ ಲೆಕ್ಕದಲ್ಲಿ ಜೀತದವನೂ ಒಬ್ಬ ಕೂಲಿಯಾಳು ಮಾತ್ರ. ಘೋಷಣೆ ಇವನ ಹೆಸರಿನಲ್ಲಿ ಹುಟ್ಟಿತು, ಕಾಯ್ದೆ ಇವನನ್ನು ಬಾಗಿಲಲ್ಲೇ ನಿಲ್ಲಿಸಿತು ಎಂಬುದು ನನ್ನ ಓದು. ಇದನ್ನು ಒಪ್ಪದವರು ಮುಂದೆ ಬರುವ 77 ಮತ್ತು 38ನೇ ಕಲಮುಗಳನ್ನು ತೋರಿಸುತ್ತಾರೆ. ಅವನ್ನೂ ನೋಡೋಣ.

ಕಲಂ 44: 1974ರ ಮಾರ್ಚ್ 1ಕ್ಕೆ ಮುಂಚೆ ಗೇಣಿದಾರರ ಸ್ವಾಧೀನದಲ್ಲಿದ್ದ ಎಲ್ಲ ಭೂಮಿ, ತೆರವು ಮಾಡಬೇಕೆಂದು ತೀರ್ಪಾಗಿದ್ದರೂ ಇನ್ನೂ ಬಿಟ್ಟುಹೋಗದವರ ಭೂಮಿಯೂ ಸೇರಿ, ಅಂದಿನಿಂದ ಸರ್ಕಾರಕ್ಕೆ ಸೇರುತ್ತದೆ.

‘ಸರ್ಕಾರಕ್ಕೆ ಸೇರುತ್ತದೆ’: ಒಡೆಯನಿಂದ ಒಕ್ಕಲಿಗೆ ನೇರವಾಗಿ ಅಲ್ಲ. ಇದು ಜಾಣತನ. ಒಡೆಯನ ಮುಂದೆ ಒಕ್ಕಲು ಕೂತು ಕ್ರಯದ ಮಾತಾಡುವ ಪ್ರಸಂಗವೇ ಬರಕೂಡದು, ಬಂದರೆ ಗೆಲ್ಲುವವರು ಯಾರೆಂದು ಎಲ್ಲರಿಗೂ ಗೊತ್ತು. ಹಕ್ಕು ಒಮ್ಮೆ ಸರ್ಕಾರಕ್ಕೆ ಹೋಗಿ, 45ನೇ ಕಲಮಿನ ಪ್ರಕಾರ ಅಲ್ಲಿಂದ ಅಧಿಭೋಗದ ಹಕ್ಕಾಗಿ ಒಕ್ಕಲಿಗೆ ಬರುತ್ತದೆ. ಒಡೆಯನಿಗೆ ಪರಿಹಾರ ಗೊತ್ತುಮಾಡುವುದು ಸರ್ಕಾರದ ಪಾಲಿನ ಕೆಲಸ.

‘ಎಲ್ಲ’: ಈ ಮಾತು ಯಾರನ್ನೂ ಬಿಡಲಿಲ್ಲ. ಸೈನಿಕರು ಮತ್ತು ನಾವಿಕರಿಗೆ ಮಾತ್ರ ರಿಯಾಯಿತಿ. ಐನೂರು ಮುಡಿ ಅಕ್ಕಿ ಗೇಣಿ ಬರುವ ಬೀಡಿನವರ ಭೂಮಿ ಹೋದಂತೆ, ಎರಡೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅದರಲ್ಲೇ ಹೊಟ್ಟೆ ಹೊರೆಯುತ್ತಿದ್ದ ವಿಧವೆಯ ಭೂಮಿಯೂ ಹೋಯಿತು. ಕರಾವಳಿಯಲ್ಲಿ ಇಂದಿಗೂ ‘ಡಿಕ್ಲರೇಶನ್‌ನಲ್ಲಿ ಹೋಯಿತು’ (ಒಕ್ಕಲಿನ ಅರ್ಜಿಗೆ ಜನ ಇಟ್ಟ ಹೆಸರು ಡಿಕ್ಲರೇಶನ್) ಎಂದು ಅಜ್ಜಿಯರು ಹೇಳುವ ಕತೆಗಳು ಸುಳ್ಳಲ್ಲ. ಸಣ್ಣ ಒಡೆತಿಗೆ ಬೇರೆ ದಾರಿ ಮಾಡಿಕೊಡಬೇಕಿತ್ತು ಎಂದೇ ನನಗನಿಸುತ್ತದೆ. ಆದರೆ ಸಣ್ಣವರಿಗೆಂದು ತೆರೆದ ರಿಯಾಯಿತಿಯಲ್ಲಿ ದೊಡ್ಡವರು ನುಗ್ಗಿದ್ದನ್ನು 1961ರ ಕಾಯ್ದೆ ಕಂಡಿತ್ತು. ಆ ಪೆಟ್ಟು ತಿಂದ ಮೇಲೆ ‘ಎಲ್ಲ’ ಎಂದು ಬರೆದರು.

ಇದರ ಫಲ ಊರೂರಿಗೆ ಒಂದೇ ಆಗಿರಲಿಲ್ಲ. ಗೇಣಿಯೇ ಬದುಕಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ ಮತ್ತು ಶಿವಮೊಗ್ಗದ ಮಲೆನಾಡಿನಲ್ಲಿ ನೆಲವೇ ಮಗುಚಿದಂತಾಯಿತು. ಬಯಲುಸೀಮೆಯ ಬಹಳ ಕಡೆ ಇದ್ದವರು ತಮ್ಮ ಹೊಲವನ್ನು ತಾವೇ ಆಳಿಟ್ಟು ಮಾಡಿಸುತ್ತಿದ್ದರು. ಅಲ್ಲಿ 44ಕ್ಕೆ ಕೆಲಸವೇ ಇರಲಿಲ್ಲ, 2(11)ರ ಮೂರನೆಯ ಮಾತು ಎಲ್ಲವನ್ನೂ ಕಾಯುತ್ತಿತ್ತು.

ಕರಾವಳಿಯ ಒಕ್ಕಲಿನ ಮನೆಯನ್ನು ಹತ್ತಿರದಿಂದ ನೋಡಿದರೆ ಬಡತನ ಇಳಿದದ್ದು ಹೇಗೆಂದು ತಿಳಿಯುತ್ತದೆ. ಚಾಲಗೇಣಿಯ ಒಕ್ಕಲು ಒಡೆಯನ ಮರ್ಜಿಯಲ್ಲಿರುವವನು. ಮೂಲಗೇಣಿಯವನಂತೆ ಕಾಯಂ ಹಕ್ಕು ಅವನಿಗಿಲ್ಲ. ಕೊಯ್ಲು ಮುಗಿದ ಮೇಲೆ ಭತ್ತ ಕುಟ್ಟಿ, ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗ ಬಿಗಿದು ಮುಡಿ ಕಟ್ಟಬೇಕು. ಲೆಕ್ಕದ ಮುಡಿಗಳು ಧಣಿಯ ಮನೆ ಸೇರಿದ ಮೇಲೆ ಉಳಿದದ್ದು ತನ್ನದು. ಮಳೆಗಾಲದ ಹೊತ್ತಿಗೆ ಅದೂ ಮುಗಿದು, ಅದೇ ಧಣಿಯ ಚಾವಡಿಗೆ ಸಾಲಕ್ಕೆ ಹೋಗಬೇಕು. ಇಂಥವನು ಐದಾರು ವರ್ಷ ಕಾದು ಫಲ ಕೊಡುವ ಅಡಿಕೆ ಸಸಿಯನ್ನೋ ತೆಂಗನ್ನೋ ಯಾವ ನಂಬಿಕೆಯಲ್ಲಿ ನೆಟ್ಟಾನು? ಗೇಣಿ ನಿಂತ ವರ್ಷ ಮುಡಿ ಮನೆಯಲ್ಲೇ ಉಳಿಯಿತು. ಪಹಣಿಯಲ್ಲಿ ಹೆಸರು ಬಂದ ಮೇಲೆ ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ಸಾಲ ಸಿಕ್ಕಿತು. 61ನೇ ಕಲಮು ಹೀಗೆ ಬಂದ ಭೂಮಿಯನ್ನು 15 ವರ್ಷ ಮಾರಬಾರದೆಂದು ಕಟ್ಟು ಹಾಕಿದರೂ ಬ್ಯಾಂಕು, ಸಹಕಾರಿ ಸಂಘಗಳಿಗೆ ಅಡವಿಡಲು ಬಿಟ್ಟಿತ್ತು. ಬಾವಿ, ಪಂಪ್‌ಸೆಟ್ಟು, ಅಡಿಕೆ ಅಗಳು ಎಲ್ಲ ಆಮೇಲಿನವು. ಮಕ್ಕಳು ಹೈಸ್ಕೂಲು ದಾಟಿ ಮುಂಬಯಿಗೋ ಮಂಗಳೂರಿಗೋ ಕೆಲಸ ಹಿಡಿದು ಹೋದದ್ದೂ ಆಮೇಲೆಯೇ. ಬಿಲ್ಲವರು, ಸಣ್ಣ ಬಂಟ ಒಕ್ಕಲುಗಳು, ಕ್ರೈಸ್ತರು, ಸಾಗರದ ಕಡೆಯ ದೀವರು, ಉತ್ತರ ಕನ್ನಡದ ನಾಮಧಾರಿಗಳು, ಹಾಲಕ್ಕಿಗಳು ಇದರ ಫಲ ಉಂಡರು. ಹಾಗೇ ಸಿಕ್ಕಿದ್ದೂ ಅಲ್ಲ. ಅಂಕೋಲೆ ಸುತ್ತ ದಿನಕರ ದೇಸಾಯಿಯವರು ರೈತಕೂಟ ಕಟ್ಟಿ 1940ರಲ್ಲಿ ಗಡೀಪಾರಾದದ್ದು, ಸಾಗರದ ಕಾಗೋಡಿನಲ್ಲಿ 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದದ್ದು, ಶಾಂತವೇರಿ ಗೋಪಾಲಗೌಡರು ಆ ಮಾತನ್ನು ವಿಧಾನಸಭೆಗೆ ಒಯ್ದದ್ದು ಈ 44ನೇ ಕಲಮಿನ ಪೂರ್ವಕತೆ. ಕಾಗೋಡಿನ ಜಗಳಕ್ಕೆ ಕಿಡಿ ಹೊತ್ತಿಕೊಂಡದ್ದು ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ. ಅಳೆಯುವ ಪಾತ್ರೆ ಯಾರ ಕೈಲಿದೆಯೋ ನ್ಯಾಯ ಅವರದ್ದಾಗಿತ್ತು.

ಕಲಂ 48 ಮತ್ತು 48ಎ: ಪ್ರತಿ ತಾಲ್ಲೂಕಿಗೆ ಭೂ ನ್ಯಾಯ ಮಂಡಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ಹೆಸರಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ. ಹಕ್ಕು ಬೇಕಾದವರು ಗಡುವಿನೊಳಗೆ ಅರ್ಜಿ ಕೊಡಬೇಕು.

ಆ ಅರ್ಜಿಯೇ ಏಳನೇ ನಮೂನೆ, ಜನರ ಬಾಯಲ್ಲಿ ‘ಫಾರಂ ನಂಬರ್ ಏಳು’ ಅಥವಾ ‘ಡಿಕ್ಲರೇಶನ್’. ಗಡುವು ಮೊದಲು 1974ರ ಡಿಸೆಂಬರ್ 31 ಇದ್ದದ್ದು ಮತ್ತೆ ಮತ್ತೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಬಂದ ಅರ್ಜಿಗಳು ಸುಮಾರು ಎಂಟು ಲಕ್ಷ. ಅರ್ಧಕ್ಕಿಂತ ಹೆಚ್ಚು ಒಕ್ಕಲಿನ ಪರವಾಗಿ ತೀರ್ಮಾನವಾದವು.

ವಕೀಲರನ್ನು ಹೊರಗಿಟ್ಟದ್ದು ಬೇಕೆಂದೇ. ಒಡೆಯನಿಗೆ ಮಂಗಳೂರಿನ ನುರಿತ ವಕೀಲ, ಒಕ್ಕಲಿಗೆ ಅವನ ಬಾಯಿ. ಇಬ್ಬರನ್ನೂ ಎದುರು ನಿಲ್ಲಿಸಿದರೆ ವಿಚಾರಣೆ ಮೊದಲ ದಿನವೇ ಮುಗಿದಂತೆ. ಮಂಡಳಿಯ ಮುಂದೆ ಬಂದದ್ದು ಹೆಚ್ಚಾಗಿ ಪಹಣಿಯ ಸಾಗುವಳಿದಾರರ ಕಾಲಮಿನಲ್ಲಿ ಯಾರ ಹೆಸರಿದೆ ಎಂಬುದು, ಎಲ್ಲೋ ಉಳಿದ ಒಂದು ರಶೀದಿ, ಅಕ್ಕಪಕ್ಕದ ಗದ್ದೆಯವರ ಹೇಳಿಕೆ, ಸ್ಥಳಕ್ಕೆ ಹೋಗಿ ಮಾಡಿದ ಮಹಜರು. ವಕೀಲರಿಗೆ ಹಾಕಿದ ಈ ತಡೆಯನ್ನು ಸುಪ್ರೀಂ ಕೋರ್ಟು 1987ರಲ್ಲಿ ರದ್ದು ಮಾಡಿತು. ವಕೀಲಿಕೆಯ ಹಕ್ಕು ಕೇಂದ್ರದ ಕಾನೂನಿಗೆ ಸೇರಿದ್ದು, ರಾಜ್ಯದ ಶಾಸಕಾಂಗ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂಬುದು ಕಾರಣ. ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ಅಷ್ಟರಲ್ಲಿ ಬಹುಪಾಲು ಅರ್ಜಿಗಳು ತೀರ್ಮಾನವಾಗಿದ್ದವು ಎಂಬುದೇ ಸಮಾಧಾನ.

ಅರ್ಜಿ ಹಾಕದೇ ಉಳಿದವರ ಬಗ್ಗೆಯೂ ಹೇಳಬೇಕು. ಉಂಡ ಮನೆಗೆ ಎರಡು ಬಗೆಯುವುದು ಹೇಗೆ ಎಂಬ ದಾಕ್ಷಿಣ್ಯ ಕೆಲವರಿಗೆ, ನಾಳೆ ಕಷ್ಟಕ್ಕೆ ಯಾರ ಬಾಗಿಲಿಗೆ ಹೋಗಲಿ ಎಂಬ ಭಯ ಕೆಲವರಿಗೆ. ಇಂಥವರಿಗಾಗಿ ಸರ್ಕಾರ ಆಮೇಲೆ 77ಎ ಎಂಬ ಕಲಮು ಸೇರಿಸಿ, 1998ರಲ್ಲಿ ‘ಏಳು ಎ’ ಅರ್ಜಿಗೆ ಸ್ವಲ್ಪ ಕಾಲ ಬಾಗಿಲು ತೆರೆಯಿತು. ಇನ್ನೊಂದು ಬಗೆಯ ಅನ್ಯಾಯ ಒಕ್ಕಲಿನ ಮನೆಯೊಳಗೇ ಆಯಿತು. ಅರ್ಜಿಗೆ ಸಹಿ ಹಾಕುವುದು ಮನೆಯ ಹಿರಿಯ ಗಂಡಸು. ಹಕ್ಕು ಅವನ ಹೆಸರಿಗೆ ಬಂತು. ಒಟ್ಟು ಕುಟುಂಬಕ್ಕೆ ಬಂದದ್ದೋ ಒಬ್ಬನಿಗೇ ಬಂದದ್ದೋ ಎಂದು ತಮ್ಮಂದಿರು, ಅಕ್ಕತಂಗಿಯರು ಹೂಡಿದ ದಾವೆಗಳು ಇಂದಿಗೂ ಕೋರ್ಟುಗಳಲ್ಲಿವೆ. ನಾಟಿ, ಕಳೆ, ಕೊಯ್ಲು ಮೂರರಲ್ಲೂ ಅರ್ಧಕ್ಕಿಂತ ಹೆಚ್ಚು ದುಡಿದ ಹೆಂಗಸರ ಹೆಸರು ಏಳನೇ ನಮೂನೆಯಲ್ಲಿ ಕಾಣುವುದು ಅಪರೂಪ.

ಕಲಂ 63: ಐವರವರೆಗಿನ ಕುಟುಂಬಕ್ಕೆ ಹತ್ತು ಯೂನಿಟ್ ಮಿತಿ. ಅದಕ್ಕಿಂತ ದೊಡ್ಡ ಕುಟುಂಬಕ್ಕೆ ತಲೆಗೆ ಎರಡು ಯೂನಿಟ್‌ನಂತೆ ಹೆಚ್ಚಳ, ಒಟ್ಟು ಇಪ್ಪತ್ತು ಮೀರುವಂತಿಲ್ಲ.

ಯೂನಿಟ್ ಅಂದರೆ ಎರಡು ಬೆಳೆ ಭತ್ತಕ್ಕೆ ಖಾತರಿ ಕಾಲುವೆ ನೀರಿರುವ ಒಂದು ಎಕರೆ. ಖುಷ್ಕಿಯಾದರೆ ಹತ್ತು ಯೂನಿಟ್‌ಗೆ 54 ಎಕರೆ. ಹತ್ತು ಜನರ ಮನೆಯಾದರೆ ಇದರ ಎರಡರಷ್ಟು. ಈ ಮಿತಿ ದಾಟಿದವರಿಗೆ ಪಾಲುಪತ್ರ ಬರೆಸಿಕೊಳ್ಳಲು, ಪ್ರಾಯಕ್ಕೆ ಬಂದ ಮಗನಿಗೆ, ನೆಂಟರಿಗೆ, ನಂಬಿಕೆಯ ಆಳಿಗೆ ಹೆಸರಿಗೆ ಮಾತ್ರ ಬರೆದಿಡಲು ಬೇಕಾದಷ್ಟು ಕಾಲವಿತ್ತು. ಕಾಫಿ, ಟೀ, ಏಲಕ್ಕಿ, ರಬ್ಬರ್, ಮೆಣಸಿನ ತೋಟಗಳು 104ನೇ ಕಲಮಿನ ಪ್ರಕಾರ ಮಿತಿಯಿಂದಲೇ ಹೊರಗೆ. ಕೊಡಗು, ಚಿಕ್ಕಮಗಳೂರಿನ ದೊಡ್ಡ ಎಸ್ಟೇಟುಗಳಿಗೆ ಈ ಕಾಯ್ದೆಯ ಬಿಸಿ ತಾಗಲೇ ಇಲ್ಲ.

ಕಲಂ 77: ಹೀಗೆ ಸಿಕ್ಕ ಹೆಚ್ಚುವರಿ ಭೂಮಿಯನ್ನು ಭೂಮಿ ಕಳೆದುಕೊಂಡ ಗೇಣಿದಾರರಿಗೆ, ಭೂಹೀನ ಕೃಷಿ ಕೂಲಿಗಳಿಗೆ ಹಂಚಬೇಕು, ಅರ್ಧ ಪಾಲು ಪರಿಶಿಷ್ಟ ಜಾತಿ ಪಂಗಡಗಳಿಗೆ.

4ನೇ ಕಲಮಿನಲ್ಲಿ ಹೊರಗೆ ನಿಂತವನ ಹೆಸರು ಕೊನೆಗೂ ಇಲ್ಲಿ ಬಂತು. ಆದರೆ ಹಂಚಲು ಏನಿತ್ತು? ರಾಜ್ಯದಲ್ಲಿ ಮಿತಿಯ ಕಲಮಿನಿಂದ ಸಿಕ್ಕು ನಿಜವಾಗಿ ಹಂಚಿಕೆಯಾದದ್ದು ಒಂದೂಕಾಲು ಲಕ್ಷ ಎಕರೆಯ ಆಸುಪಾಸು. ರಾಜ್ಯದ ಸಾಗುವಳಿ ಭೂಮಿಯನ್ನು ನೂರು ಪಾಲು ಮಾಡಿದರೆ ಇದು ಒಂದು ಪಾಲೂ ಆಗುವುದಿಲ್ಲ. ಅದರಲ್ಲೂ ಬಿಟ್ಟುಕೊಡುವವನೇ ಯಾವ ತುಂಡು ಬಿಡಬೇಕೆಂದು ಆರಿಸಿದಾಗ ಬಂಡೆ, ಮೊರಡಿ, ಹಳ್ಳದಂಚು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಎತ್ತಿಲ್ಲದ, ಬೀಜವಿಲ್ಲದ, ನೀರಿಲ್ಲದ ಸಂಸಾರಕ್ಕೆ ಅಂಥ ಭೂಮಿ ಸಾಲ ತೀರಿಸಲು ಮಾರುವ ವಸ್ತುವಾಯಿತು. ಇದನ್ನು ತಡೆಯಲೆಂದೇ ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ನಿಷೇಧಿಸುವ ಪಿ.ಟಿ.ಸಿ.ಎಲ್. ಕಾಯ್ದೆ 1978ರಲ್ಲಿ ಬಂತು. ಮಾರಿದ್ದರೂ ವಾಪಸು ಪಡೆಯಬಹುದೆಂಬ ಈ ಕಾಯ್ದೆಯನ್ನು ತಡವಾಗಿ ಅರ್ಜಿ ಹಾಕಿದರೆಂಬ ಕಾರಣಕ್ಕೆ 2017ರ ಸುಪ್ರೀಂ ಕೋರ್ಟ್ ತೀರ್ಪೊಂದು ಬಡವಾಗಿಸಿತು. 2023ರಲ್ಲಿ ರಾಜ್ಯ ತಿದ್ದುಪಡಿ ತಂದು ಕಾಲಮಿತಿಯನ್ನು ತೆಗೆಯಬೇಕಾಯಿತು.

ಮಿತಿಯ ಕಲಮು ಬಡತನವನ್ನು ಅಲ್ಲಾಡಿಸಲಿಲ್ಲ ಎಂಬುದು ನನ್ನೊಬ್ಬನ ಮಾತಲ್ಲ. ಟಿಮೊಥಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ 16 ದೊಡ್ಡ ರಾಜ್ಯಗಳ 1958ರಿಂದ 1992ರವರೆಗಿನ ಅಂಕಿಅಂಶ ಇಟ್ಟುಕೊಂಡು 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಅದನ್ನೇ. ಗೇಣಿ ಸುಧಾರಣೆ ಮತ್ತು ಮಧ್ಯವರ್ತಿಗಳ ರದ್ದತಿ ನಡೆದಲ್ಲಿ ಹಳ್ಳಿಯ ಬಡತನ ಇಳಿದಿದೆ, ಕೃಷಿ ಕೂಲಿಯೂ ಏರಿದೆ; ಭೂಮಿತಿ ಕಾನೂನುಗಳಿಂದ ಅಂಥ ಫಲ ಕಾಣುವುದಿಲ್ಲ.

ನಮಗೆ ಇನ್ನೂ ಹತ್ತಿರದ್ದು ಬೆಸ್ಲಿಯವರು ಜೆಸಿಕಾ ಲೈಟ್, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಜೊತೆ ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನ. ರಾಜ್ಯ ಪುನರ್ವಿಂಗಡಣೆಯಲ್ಲಿ ಒಂದೇ ಭಾಷೆ, ಒಂದೇ ಬಗೆಯ ಬದುಕಿನ ಪ್ರದೇಶಗಳು ದಕ್ಷಿಣದ ಬೇರೆ ಬೇರೆ ರಾಜ್ಯಗಳಿಗೆ ಹಂಚಿಹೋದವಷ್ಟೆ. ಗಡಿಯ ಆಚೆ ಒಂದು ಗೇಣಿ ಕಾನೂನು, ಈಚೆ ಇನ್ನೊಂದು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ಮೂವತ್ತು ವರ್ಷಗಳ ಮೇಲೆ ಅವರು ಕಂಡದ್ದು: ಗೇಣಿ ಸುಧಾರಣೆ ಬಿಗಿಯಾಗಿ ನಡೆದಲ್ಲಿ ಭೂಮಿಯ ಅಸಮಾನತೆ ಕಡಿಮೆಯಾಗಿದೆ. ಮಧ್ಯಮ ಜಾತಿಗಳವರು ಸ್ವಂತ ಬೇಸಾಯಗಾರರಾಗಿದ್ದಾರೆ. ಕೆಳಜಾತಿಗಳವರು ಹೆಚ್ಚು ಹೆಚ್ಚಾಗಿ ದಿನಗೂಲಿಗೆ ಇಳಿದಿದ್ದಾರೆ. ಜೊತೆಗೆ ಕೂಲಿಯ ದರವೂ ಏರಿದೆ. ಒಬ್ಬ ಒಡೆಯನ ನೂರು ಎಕರೆ ಇಪ್ಪತ್ತು ಒಕ್ಕಲುಗಳಿಗೆ ಹೋದರೆ ಲೆಕ್ಕದ ಪುಸ್ತಕದಲ್ಲಿ ಸಮಾನತೆ ಏರುತ್ತದೆ. ಆ ಗದ್ದೆಯಲ್ಲಿ ದುಡಿಯುತ್ತಿದ್ದ ಆಳಿಗೆ ಧಣಿ ಬದಲಾದ, ಅಷ್ಟೆ. ಕೂಲಿ ಏರಿದ್ದು ಅವನಿಗಾದ ಲಾಭ, ಅದನ್ನು ಅಲ್ಲಗಳೆಯುವಂತಿಲ್ಲ. ಸ್ವಂತದ್ದೆಂದು ಹೇಳಿಕೊಳ್ಳುವ ಭೂಮಿ ಮಾತ್ರ ಇನ್ನೂ ದೂರವಾಯಿತು.

ಕಲಂ 38: ತನ್ನದಲ್ಲದ ಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡಿರುವ ಕೃಷಿ ಕೂಲಿಗೆ ಆ ಮನೆ ಮತ್ತು ಅದರ ಅಡಿಯ ಜಾಗದ ಹಕ್ಕು.

ಕಾಯ್ದೆಯಲ್ಲಿ ಆಳಿಗೆ ನೇರವಾಗಿ ಏನಾದರೂ ಕೊಟ್ಟದ್ದಿದ್ದರೆ ಇದು. ಧಣಿಯ ಜಾಗದಲ್ಲಿ ಗುಡಿಸಲಿರುವವನು ಕೂಲಿ ಹೆಚ್ಚು ಕೇಳಿದ ದಿನವೇ ಪಾತ್ರೆಪಗಡ ಹೊರಗೆ ಬೀಳುತ್ತಿದ್ದವು. ಕಾಲ ಕೆಳಗಿನ ಸೆಂಟ್ಸು ಜಾಗ ತನ್ನದಾದರೆ ಬೇರೆಯವರ ಗದ್ದೆಗೂ ದುಡಿಯಲು ಹೋಗಬಹುದು. ನೆರೆಯ ಕೇರಳ ಇದನ್ನೇ 1970ರಿಂದ ಹಳ್ಳಿಗಳಲ್ಲಿ ಹತ್ತು ಸೆಂಟ್ಸಿನವರೆಗೆ ಕೊಟ್ಟಿತು. ಕಾಸರಗೋಡಿನ ಕನ್ನಡ ಮನೆಗಳಿಗೆ ‘ಕುಡಿಕಿಡಪ್ಪು’ ಪರಿಚಿತ ಮಾತು. ನಮ್ಮಲ್ಲಿ ಗೇಣಿಯ ಗಲಾಟೆಯ ನಡುವೆ ಈ ಕಲಮಿನ ಸದ್ದು ಯಾರಿಗೂ ಕೇಳಲಿಲ್ಲ.

ಕಲಂ 79ಎ, 79ಬಿ: ಬೇರೆ ಆದಾಯ ಇಂತಿಷ್ಟಕ್ಕಿಂತ ಹೆಚ್ಚಿರುವವರು, ಕಂಪನಿಗಳು ಕೃಷಿ ಭೂಮಿ ಕೊಳ್ಳುವಂತಿಲ್ಲ.

2015ರಲ್ಲಿ ಆದಾಯದ ಮಿತಿ ಎರಡು ಲಕ್ಷದಿಂದ 25 ಲಕ್ಷ ರೂಪಾಯಿಗೆ ಏರಿತು. 2020ರಲ್ಲಿ ಎರಡೂ ಕಲಮುಗಳೇ ರದ್ದಾದವು. ಇವು ಲಂಚದ ಗಣಿಯಾಗಿದ್ದವು ಎಂಬ ಸರ್ಕಾರದ ಸಮರ್ಥನೆಯನ್ನು ಕಚೇರಿಗೆ ಅಲೆದವರಾರೂ ಅಲ್ಲಗಳೆಯಲಾರರು. ಆದರೆ ಲಂಚ ತಿನ್ನುವವರಿದ್ದಾರೆಂದು ನಿಯಮವನ್ನೇ ತೆಗೆದರೆ ಲಾಭ ಯಾರಿಗೆ? ಮಾರುವ ರೈತನಿಗೆ ಒಳ್ಳೆಯ ರೇಟು ಸಿಗುತ್ತದೆ. ಹೊಲ ಕೊಳ್ಳಬೇಕೆಂದು ಆಸೆಪಟ್ಟ ಪಕ್ಕದ ಕೂಲಿಕಾರನಿಗೆ ಬೆಂಗಳೂರಿನ ದುಡ್ಡಿನ ಜೊತೆ ಪೈಪೋಟಿ ಮಾಡುವುದು ಕನಸಿನ ಮಾತು.

ಕಲಂ 5: ಇನ್ನು ಮುಂದೆ ಯಾವ ಭೂಮಿಯನ್ನೂ ಯಾವ ಅವಧಿಗೂ ಗೇಣಿಗೆ ಕೊಡುವಂತಿಲ್ಲ.

ಈ ಕಲಮನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಹಳೆಯ ಗೇಣಿ ಮುಗಿಸಿದ ಮೇಲೆ ಹೊಸ ಗೇಣಿ ಹುಟ್ಟಬಾರದೆಂಬ ಆಲೋಚನೆ ನ್ಯಾಯವಾದದ್ದೇ. ಆದರೆ ಗೇಣಿ ಸಾಯಲಿಲ್ಲ, ಕಾಗದದಿಂದ ಇಳಿದು ಬಾಯಿಮಾತಿಗೆ ಬಂತು. ಉತ್ತರ ಕರ್ನಾಟಕದಲ್ಲಿ ಲಾವಣಿ, ಬೇರೆ ಕಡೆ ಗುತ್ತಿಗೆ, ಕೋರು, ಪಾಲು. ರಾಜ್ಯದಲ್ಲಿ ಒಂದು ಹಿಡುವಳಿಯ ಸರಾಸರಿ 1970-71ರಲ್ಲಿ ಮೂರು ಹೆಕ್ಟೇರ್ ದಾಟಿದ್ದದ್ದು 2015-16ರ ಕೃಷಿ ಗಣತಿಯ ಹೊತ್ತಿಗೆ 1.36 ಹೆಕ್ಟೇರಿಗೆ ಇಳಿದಿದೆ. ಇಷ್ಟರಲ್ಲಿ ಬದುಕಾಗದವನು ಹೊಲವನ್ನು ಗುತ್ತಿಗೆಗೆ ಕೊಟ್ಟು ಪೇಟೆಗೆ ಹೋಗುತ್ತಾನೆ. ಹೊಲವೇ ಇಲ್ಲದವನು ಅದನ್ನು ಹಿಡಿದು ಬಿತ್ತುತ್ತಾನೆ. 1990ರ ದಶಕದಲ್ಲಿ ಸರ್ಕಾರ ಈ ನಿಷೇಧಕ್ಕೊಂದು ಸಡಿಲಿಕೆ ಕೊಟ್ಟಿತು, ಕರಾವಳಿಯ ಜಿಲ್ಲೆಗಳಲ್ಲಿ ಸಿಗಡಿ, ಮೀನು ಸಾಕಲು. ಬಿತ್ತಿ ಉಣ್ಣುವವನಿಗೆ ಅಲ್ಲ.

ಬಾಯಿಮಾತಿನ ಗುತ್ತಿಗೆದಾರನ ಪಾಡು ಹೀಗಿದೆ. ಒಡೆಯ ಒಂದೇ ಹೊಲವನ್ನು ಒಬ್ಬನಿಗೇ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಿಡುವುದಿಲ್ಲ. ಎಲ್ಲಿ ಹಕ್ಕು ಕೇಳುತ್ತಾನೋ ಎಂಬ 1974ರ ಹೆದರಿಕೆ ಇನ್ನೂ ಹೋಗಿಲ್ಲ. ಹಾಗಾಗಿ ಗುತ್ತಿಗೆದಾರ ಗೊಬ್ಬರ ಹಾಕಿ ಹದ ಮಾಡಿದ ಹೊಲ ಮುಂದಿನ ವರ್ಷ ಇನ್ನೊಬ್ಬನದು. ಪಹಣಿ ಒಡೆಯನ ಹೆಸರಿನಲ್ಲಿ, ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಒಡೆಯನದು. ಸೊಸೈಟಿಯ ಬಡ್ಡಿರಹಿತ ಬೆಳೆಸಾಲ ಒಡೆಯನಿಗೆ, ಪಿ.ಎಂ. ಕಿಸಾನ್‌ನ ವರ್ಷದ ಆರು ಸಾವಿರವೂ ಒಡೆಯನಿಗೆ. ಗುತ್ತಿಗೆದಾರ ಬೀಜ, ಗೊಬ್ಬರಕ್ಕೆ ಅಂಗಡಿಯಲ್ಲಿ ಉದ್ದರಿ ಬರೆಸಬೇಕು, ಬೆಳೆಯನ್ನು ಅದೇ ಅಂಗಡಿಯವರು ಹೇಳಿದ ರೇಟಿಗೆ ಹಾಕಬೇಕು. ಮಳೆ ಕೈಕೊಟ್ಟ ವರ್ಷ ಗುತ್ತಿಗೆಯ ದುಡ್ಡನ್ನು ಮುಂಗಡವಾಗಿ ಎಣಿಸಿಕೊಂಡ ಒಡೆಯನ ಬ್ಯಾಂಕ್ ಖಾತೆಗೇ ಬೆಳೆಹಾನಿ ಪರಿಹಾರ ಜಮೆಯಾಗುತ್ತದೆ. ಪರಿಹಾರದಲ್ಲಿ ಪಾಲು ಕೇಳಲು ಗುತ್ತಿಗೆದಾರನ ಬಳಿ ಚೀಟಿಯಿಲ್ಲ. ಚೀಟಿ ಬರೆದುಕೊಡಿ ಎಂದರೆ, ‘ಏನಪ್ಪಾ, ಹೊಲ ಹೊಡೀಬೇಕು ಅಂತ ಇದೀಯೇನು?’ ಎನ್ನುತ್ತಾನೆ ಒಡೆಯ. ಅವನ ಅಪ್ಪನಿಗೆ ಆ ಹೊಲ ಬಂದದ್ದು ಏಳನೇ ನಮೂನೆಯಲ್ಲಿ.